ಗಾಡಿ ರಿಪೇರಿ: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ನನ್ನದು 350 ಸಿಸಿ ಬೈಕು, ಫ್ಯೂಯಲ್ ಇಂಜೆಕ್ಷನ್ ಇರುವಂಥದ್ದು. ಗೆಳೆಯರ ಜೊತೆ ಮಾರಿಕಣಿವೆ ನೋಡಿಕೊಂಡು ವಾಪಸ್ ಬರುವಾಗ ಐಮಂಗಲದ ಹತ್ತಿರ ಹಾರ್ನ್ ದನಿ ಸಣ್ಣಗಾಯಿತು. ಮೀಟರ್ ಮಿಣುಕತೊಡಗಿತು. ಓಡುತ್ತಿದ್ದ ಗಾಡಿ ಹಾಗೇ ನಿಂತಿತು. ಎಷ್ಟು ತಳ್ಳಿದರೂ ಸ್ಟಾರ್ಟ್ ಆಗಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ, ಈಗ ಮತ್ತೆ ಅದೇ ಕಥೆ. ಬ್ಯಾಟರಿ ಡೂಪ್ಲಿಕೇಟ್ ಇರಬಹುದಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಪಾಪ, ಬ್ಯಾಟರಿಯನ್ನು ಬೈಯಬೇಡಿ. ಅದು ಸತ್ತಿದ್ದರೆ ಬೆಳಿಗ್ಗೆ ಮನೆ ಮುಂದೆಯೇ ಸೆಲ್ಫ್ ಎತ್ತುತ್ತಿರಲಿಲ್ಲ. ಮಾರಿಕಣಿವೆ ನೋಡಿ ಐಮಂಗಲದವರೆಗೆ ಬಂದು ನಿಂತಿದೆ ಅಂದರೆ ಗಾಡಿ ಚಾರ್ಜ್ ಆಗುತ್ತಿಲ್ಲ ಅಂತ ಅರ್ಥ. ಬ್ಯಾಟರಿಯಲ್ಲಿ ಇದ್ದಷ್ಟನ್ನು ಕರಗಿಸಿಕೊಂಡು ಬಂತು, ಮುಗಿಯಿತು, ನಿಂತಿತು. ಪಿ.ಬಿ. ರೋಡಿನ ನಮ್ಮ ಗ್ಯಾರೇಜಿಗೂ ಹೀಗೆ ಹೊಸ ಬ್ಯಾಟರಿ, ಹಳೇ ರೋಗ ಹೊತ್ತುಕೊಂಡು ಬರುವವರೇ ಜಾಸ್ತಿ.

ಇಂಜಿನ್ ಒಳಗೆ ಸ್ಟೇಟರ್ ಅಂತ ತಾಮ್ರದ ಸುರುಳಿ ಇದೆ. ಇಂಜಿನ್ ತಿರುಗಿದಾಗ ಅದರಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ. ಅದನ್ನು ಡಿಸಿ ಮಾಡಿ, ವೋಲ್ಟೇಜ್ ಮಿತಿ ಮೀರದಂತೆ ಹಿಡಿದು ಬ್ಯಾಟರಿಗೆ ಕಳಿಸುವುದು ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್. ಗಾಳಿಗೆ ತಣ್ಣಗಾಗಲಿ ಅಂತ ಮೈಮೇಲೆ ರೆಕ್ಕೆ ರೆಕ್ಕೆ ಇರುವ ಅಲ್ಯೂಮಿನಿಯಂ ತುಂಡು ಅದು. ತಕರಾರು ಇವೆರಡರ ನಡುವೆ ಎಲ್ಲೋ ಇರುತ್ತದೆ.

ಒಂದು ಮಲ್ಟಿಮೀಟರ್ ತಗೊಳ್ಳಿ, ದುಬಾರಿಯದ್ದೇನೂ ಬೇಡ. ಡಿಸಿ 20 ವೋಲ್ಟಿಗೆ ಇಟ್ಟು ಬ್ಯಾಟರಿಗೆ ಹಿಡಿಯಿರಿ. ಚಾರ್ಜ್ ಇರುವ ಬ್ಯಾಟರಿ, ಇಂಜಿನ್ ಬಂದ್ ಇದ್ದಾಗ 12.6ರ ಆಸುಪಾಸು ತೋರಿಸಬೇಕು. ಇಂಜಿನ್ ಚಾಲೂ ಮಾಡಿ 4,000 ಆರ್‌ಪಿಎಂಗೆ ಏರಿಸಿ. 13.8ರಿಂದ 14.5ರ ಒಳಗೆ ಬಂದರೆ ಸರಿ. 12ರಲ್ಲೇ ಕೂತು ಇಳಿಯುತ್ತಾ ಹೋದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ಅದೂ ಕೆಟ್ಟದ್ದೇ, ಆರ್‌ಆರ್ ಯೂನಿಟ್ ಹೋಗಿದೆ, ಬ್ಯಾಟರಿ ಬೆಂದುಹೋಗುತ್ತದೆ.

ಆದರೆ ಯೂನಿಟ್ ಬದಲಿಸುವ ಮುಂಚೆ ಅದರಿಂದ ಹೊರಡುವ ವೈರು ಹಿಡಿದು ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ತನಕ ಹೋಗಿ, ಬಿಚ್ಚಿ ನೋಡಿ. ಎಷ್ಟೋ ಸಲ ಒಂದೇ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಸೊಟ್ಟಗಾಗಿ, ಸುಟ್ಟ ವಾಸನೆ ಹೊಡೆಯುತ್ತಿರುತ್ತದೆ. ಪಿನ್ ಸಡಿಲಾಗಿ ಬಿಸಿಯಾಗಿದೆ, ಅಷ್ಟೇ. ದಾರಿಯಲ್ಲಿ ಕೆರೆದು, ಬಿಗಿ ಮಾಡಿ ಒತ್ತಿದರೆ ಊರು ಸೇರಬಹುದು. ಆಮೇಲೆ ಕಪ್ಲರ್ ಹೊಸದೇ ಹಾಕಿಸಿ.

ಇನ್ನೊಮ್ಮೆ ದಾರಿಯಲ್ಲಿ ಹಾರ್ನ್ ಸಣ್ಣಗಾದರೆ ಇಂಜಿನ್ ಮಾತ್ರ ಆಫ್ ಮಾಡಬೇಡಿ. ಮೊಬೈಲ್ ಚಾರ್ಜರ್ ಕಿತ್ತುಹಾಕಿ. ಹೆಡ್‌ಲೈಟ್ ಆರಿಸೋಣ ಅಂದರೆ ಸ್ವಿಚ್ಚೇ ಇರಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಅದು ಸದಾ ಉರಿಯಬೇಕು ಅಂತ ರೂಲ್ಸು. ಹಗಲಾದರೆ ಬಲ್ಬಿನ ಕಪ್ಲರ್ ಎಳೆದುಬಿಡಿ. ಎಚ್4 ಬಲ್ಬು ಒಂದೇ 55 ವ್ಯಾಟ್ ತಿನ್ನುತ್ತದೆ, ಅಷ್ಟು ಉಳಿಯಿತಲ್ವಾ. ಕತ್ತಲಾಗುವ ಮೊದಲು ಚಿತ್ರದುರ್ಗವೋ ಹಿರಿಯೂರೋ, ಯಾವುದು ಹತ್ತಿರವೋ ಅಲ್ಲಿ ನಿಲ್ಲಿಸಿ. ಲೈಟಿಲ್ಲದೆ ಹೈವೇಯಲ್ಲಿ ಲಾರಿಗಳ ಮಧ್ಯೆ ಹೋಗುವ ಸಾಹಸ ಬೇಡ.

ತಳ್ಳಿದರೂ ಯಾಕೆ ಆಗಲಿಲ್ಲ? ಹಳೇ ಕಾರ್ಬೊರೇಟರ್ ಗಾಡಿಗೆ ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ನಿಮ್ಮದರಲ್ಲಿ ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು, ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ಇಸಿಯುಗೂ ಬೇಕು. ಬ್ಯಾಟರಿ ಪೂರ್ತಿ ಬರಿದಾದರೆ ತಳ್ಳುವವರ ಬೆವರು ದಂಡ. ಇನ್ನೊಂದು ಮಾತು. ಗೆಳೆಯನ ಬ್ಯಾಟರಿಯಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚುವ ಬುದ್ಧಿವಂತರಿದ್ದಾರೆ. ವೋಲ್ಟೇಜ್ ಜಿಗಿದು ಇಸಿಯು ಸುಟ್ಟರೆ ಆ ಖರ್ಚಿನ ಮುಂದೆ ಬ್ಯಾಟರಿ ಖರ್ಚು ಏನೂ ಅಲ್ಲ.

ಪ್ರಶ್ನೆ: ಸೂಳೆಕೆರೆ ಏರಿ ಮೇಲೆ ಬೈಕ್ ನಿಲ್ಲಿಸಿ ಎಲ್ಲರೂ ಫೋಟೊ ತೆಗೆಸಿಕೊಂಡೆವು. ಆಮೇಲೆ ಸೆಲ್ಫ್ ಒತ್ತಿದರೆ ಟಕ್ ಅಂತಲೂ ಅನ್ನಲಿಲ್ಲ. ಲೈಟು, ಹಾರ್ನ್ ಎಲ್ಲಾ ಜೋರಾಗಿಯೇ ಇದ್ದವು.
– ಓದುಗರೊಬ್ಬರು, ಚನ್ನಗಿರಿ

ಉತ್ತರ: ಫೋಟೊಗೆ ಕೂತವರಲ್ಲಿ ಯಾರೋ ಬಲಗೈಯ ಕೆಂಪು ಕಿಲ್ ಸ್ವಿಚ್, ಅಂದರೆ ಇಂಜಿನ್ ಬಂದ್ ಮಾಡುವ ಸ್ವಿಚ್ ಒತ್ತಿದ್ದಾರೆ! ಅದಲ್ಲದಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡಿರುತ್ತದೆ, ಸ್ಟ್ಯಾಂಡ್ ಇನ್ನೂ ಕೆಳಗೇ ಇದೆ ಅಂದುಕೊಂಡು ಗಾಡಿ ಸ್ಟಾರ್ಟ್ ಆಗಲ್ಲ. ನೀರು ಹಾಕಿ ತೊಳೆದು, ಸ್ಟ್ಯಾಂಡನ್ನು ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ.

ಪ್ರಶ್ನೆ: ನನ್ನ ಬೈಕಿನ ಫ್ಯೂಸ್ ಆಗಾಗ ಹೋಗುತ್ತದೆ. ಹೆಚ್ಚಾಗಿ ಕಾಲೇಜಿನ ಪಾರ್ಕಿಂಗಿನಿಂದ ಗಾಡಿ ತೆಗೆಯುವಾಗಲೇ. ಫಾಗ್ ಲ್ಯಾಂಪ್ ಹಾಕಿಸಿದ್ದೇನೆ. 15 ಆಂಪ್ ಸಾಲಲ್ಲ, 30 ಹಾಕು ಅಂತ ಗೆಳೆಯ ಹೇಳುತ್ತಾನೆ.
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡವೇ ಬೇಡ. ಫ್ಯೂಸ್ ದಪ್ಪ ಮಾಡಿದರೆ ಸುಡುವುದು ವೈರು, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರಿಗೂ ಇದೇ ಮಾತು.

40 ವ್ಯಾಟಿನ ಎರಡು ಲ್ಯಾಂಪ್ ಅಂದುಕೊಂಡರೂ 12 ವೋಲ್ಟಿನಲ್ಲಿ 7 ಆಂಪ್ ದಾಟುವುದಿಲ್ಲ, ಅಷ್ಟಕ್ಕೇ 15ರ ಫ್ಯೂಸ್ ಹೋಗಲ್ಲ. ಪಾರ್ಕಿಂಗಿನಿಂದ ತೆಗೆಯುವಾಗ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಆಗ ಹ್ಯಾಂಡಲ್ ಪೂರ್ತಿ ತಿರುಗುತ್ತದೆ. ಟಾರ್ಚ್ ಹಿಡಿದು ಹ್ಯಾಂಡಲ್ ಕೆಳಗೆ, ವೈರಿನ ಕಟ್ಟು ಚಾಸಿಗೆ ಉಜ್ಜುವ ಜಾಗ ನೋಡಿ. ಎಲ್ಲೋ ಒಂದು ಕಡೆ ಸಿಪ್ಪೆ ಸವೆದು ತಾಮ್ರ ಹೊಳೆಯುತ್ತಿರುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಇನ್ಸುಲೇಷನ್ ಟೇಪ್ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಹಾಕಿ ಕಟ್ಟಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ವೈರು ಎಳೆಯಬಾರದು, ಅಷ್ಟು ಸಡಿಲ ಇರಲಿ. ಆಮೇಲೆ 15 ಆಂಪ್ ಫ್ಯೂಸನ್ನೇ ಹಾಕಿ. ಫಾಗ್ ಲ್ಯಾಂಪನ್ನು ಹೆಡ್‌ಲೈಟ್ ವೈರಿಗೆ ಸುಮ್ನೆ ತಿರುಚಿ ಜೋಡಿಸಿದ್ದರೆ ತೆಗೆಸಿ. ಬ್ಯಾಟರಿಯಿಂದಲೇ ಬೇರೆ ಲೈನು, ಅದಕ್ಕೊಂದು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್), ಅದರದ್ದೇ ಒಂದು 10 ಆಂಪ್ ಫ್ಯೂಸ್ ಹಾಕಿಸಿ.