ತೀರ್ಥಹಳ್ಳಿಯ ನಮ್ಮ ಕೇಬಲ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಬಂದರೂ ಭಾರತದ ಕ್ರಿಕೆಟ್ ಪಂದ್ಯ ಮಾತ್ರ ಕಾಣುವುದಿಲ್ಲ, ಏಕೆ?

ಇದರಲ್ಲಿ ನಿಮ್ಮ ಕೇಬಲ್‌ನವರ ತಪ್ಪಿಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಘೋಷಿಸಿದ ಪಂದ್ಯಗಳ ನೇರಪ್ರಸಾರವನ್ನು ಹಕ್ಕು ಪಡೆದ ಖಾಸಗಿ ವಾಹಿನಿಯು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಹಾಗೆ ಪಡೆದದ್ದನ್ನು ದೂರದರ್ಶನವು ತನ್ನ ಭೂಪ್ರಸಾರದಲ್ಲಿ (ಗೋಪುರದಿಂದ ನೇರವಾಗಿ ಮನೆಯ ಆಂಟೆನಾಗೆ ಬರುವ ಪ್ರಸಾರ) ಮತ್ತು ತನ್ನದೇ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದೇ ಹೊರತು ಕೇಬಲ್‌ಗಾಗಲಿ ಖಾಸಗಿ ಡಿಟಿಎಚ್‌ಗಾಗಲಿ ಕೊಡುವಂತಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದ್ದರಿಂದಲೇ ಪಂದ್ಯದ ಹೊತ್ತಿಗೆ ಪರದೆಯ ಮೇಲೆ ಬರೀ ಸೂಚನೆಯೊಂದು ಉಳಿಯುತ್ತದೆ. ತಿಂಗಳು ತಿಂಗಳು ದುಡ್ಡು ಕಟ್ಟುವವರಿಗೇ ಪಂದ್ಯ ತಪ್ಪುವುದು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ.

ಫ್ರೀ ಡಿಶ್‌ಗೆ ಮಾಸಿಕ ಶುಲ್ಕವಿಲ್ಲ. ಆದರೆ ಅದು ಜೋರು ಮಳೆಯಲ್ಲಿ ಕ್ಷೀಣಿಸುವ ಕೆಯು ಬ್ಯಾಂಡ್ ಎಂಬ ಉಪಗ್ರಹ ತರಂಗಗಳನ್ನು ನೆಚ್ಚಿಕೊಂಡಿರುವುದರಿಂದ, ನಮ್ಮ ಮಲೆನಾಡಿನ ಆಷಾಢದ ಮಳೆ ಜಡಿಯತೊಡಗಿದರೆ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಕೊನೆಪಕ್ಷ ಉಪಗ್ರಹವಿರುವ ಆಗ್ನೇಯ ದಿಕ್ಕಿನ ಆಕಾಶಕ್ಕೆ ಅಡಿಕೆ ಮರಗಳು ಅಡ್ಡವಾಗದ ಜಾಗದಲ್ಲಿ ಡಿಶ್ ಕೂರಿಸಿ.