ಮಾರ್ಬಲ್ ಆಮೇಲೆ, ಮೊದಲು ಖಾಲಿ ಹಾಲ್‌ನಲ್ಲಿ ನಿಂತು ಚಪ್ಪಾಳೆ ತಟ್ಟಿ

ಕಲಬುರಗಿಯಲ್ಲಿ ಶ್ರೀಮಂತವಾಗಿ ಕಾಣುವ, ಇಪ್ಪತ್ತು ವರ್ಷ ಆದರೂ ಹಳತು ಅನ್ನಿಸದ ರೆಸ್ಟೋರೆಂಟ್ ಮಾಡಬೇಕು, ನೆಲಕ್ಕೆ ಇಟಾಲಿಯನ್ ಮಾರ್ಬಲ್ಲಾ ವಿಟ್ರಿಫೈಡ್ ಟೈಲಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಓಡಾಡಿದ್ದೆ. ಎಲ್ಲರೂ ಮಾರ್ಬಲ್ ಅಂದರು. ಹಾಕಿಸಿದೆ. ಕೈ ಸುಟ್ಟುಕೊಂಡೆ.

ನನ್ನದು ಸೇಡಂ ರಸ್ತೆ ಕಡೆಯ ಜಾಗ. 60 ಅಡಿ ಉದ್ದ, 30 ಅಡಿ ಅಗಲ, 14 ಅಡಿ ಎತ್ತರ. ಹೈದರಾಬಾದಿನಿಂದ ಡಿಸೈನರ್ ಒಬ್ಬರನ್ನು ಕರೆಸಿದ್ದೆ. ರಸ್ತೆ ಕಡೆಗೆ ಪೂರ್ತಿ ಗಾಜು, ಎದುರು ಗೋಡೆಗೆ ಕನ್ನಡಿ, ಮೇಲೆ ನುಣುಪಾದ ಜಿಪ್ಸಂ ಸೀಲಿಂಗ್, ಟೇಬಲ್‌ಗಳಿಗೆ ಗ್ರಾನೈಟ್. ಪರದೆ ಹಾಕೋಣವಾ ಅಂದರೆ, "ಬೇಡ, ಮದುವೆ ಹಾಲ್ ಥರ ಕಾಣುತ್ತೆ" ಅಂದರು. ಕೆಲಸ ಮುಗಿದ ದಿನ ಖಾಲಿ ಹಾಲ್‌ನಲ್ಲಿ ನಾವಿಬ್ಬರೇ ನಿಂತಿದ್ದೆವು. ಮಾತಾಡಿದರೆ ದನಿ ಗುಂಯ್ ಅಂತಿತ್ತು. ನನಗೋ ಅದು ಅರಮನೆ ಥರ ಕೇಳಿಸಿತು! ಖುಷಿಪಟ್ಟೆ. ಆಗಲೇ ಎಚ್ಚರಾಗಬೇಕಿತ್ತು.

ಎರಡನೇ ವಾರ, ಭಾನುವಾರ ರಾತ್ರಿ. ಎರಡು ಮನೆಯವರು ಮದುವೆ ಮಾತುಕತೆಗೆ ಹತ್ತು ಸೀಟಿನ ಟೇಬಲ್ ಹಿಡಿದಿದ್ದರು. ಹಾಲ್ ತುಂಬಿತ್ತು. ಹುಡುಗನ ಅಜ್ಜ ಎರಡು ಸಲ ಕಿವಿಗೆ ಕೈ ಇಟ್ಟು ಮುಂದೆ ಬಾಗಿದರು. ಹುಡುಗಿ ಅಪ್ಪ ಏನೋ ಹೇಳಿದರು, ಇವರು ಸುಮ್ನೆ ತಲೆ ಆಡಿಸಿದರು. ಆಮೇಲೆ ಅಜ್ಜ ಎದ್ದು ನನ್ನ ಹತ್ತಿರ ಬಂದು, "ತಮ್ಮಾ, ಊಟ ಛಲೋ ಅದ. ಆದ್ರ ಒಂದ್ ಮಾತೂ ಕೇಳಸವಲ್ದು" ಅಂದರು. ಊಟ ಅರ್ಧಕ್ಕೇ ಬಿಟ್ಟು ಎಲ್ಲರೂ ಹೊರಗೆ ಹೋದರು. ನನ್ನ ಪಾರ್ಕಿಂಗ್‌ನಲ್ಲಿ, ಸ್ಕೂಟರ್‌ಗಳ ನಡುವೆ ನಿಂತು, ಬಂಗಾರ ಎಷ್ಟು ತೊಲ ಅಂತ ಮಾತು ಮುಗಿಸಿದರು. ಒಳಗೆ ಲಕ್ಷಗಟ್ಟಲೆ ಮಾರ್ಬಲ್ ಖಾಲಿ ಬಿದ್ದಿತ್ತು.

ಏನಾಗಿತ್ತು ಅಂದರೆ, ಗಟ್ಟಿಯಾದ ನುಣುಪು ಮೈ ಸದ್ದನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತದೆ. ಕಲ್ಲು, ಗಾಜು, ಕನ್ನಡಿ, ಸಾದಾ ಜಿಪ್ಸಂ ಎಲ್ಲದರ ಕಥೆಯೂ ಅದೇ. ಒಂದು ಮಾತು ಸಾಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಕೂರುತ್ತದೆ. ಪಕ್ಕದ ಟೇಬಲ್‌ನವರು ತಮ್ಮ ಮಾತು ಕೇಳಲಿ ಅಂತ ದನಿ ಏರಿಸುತ್ತಾರೆ, ಅವರಿಂದ ಮೂರನೆಯವರು. ಯಾರೂ ಬೇಕಂತ ಕೂಗುವುದಿಲ್ಲ, ತಾನಾಗಿಯೇ ಆಗುತ್ತದೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಅಂತ ಹೆಸರೇ ಇದೆ. ಅದರ ಮೇಲೆ ಗ್ರಾನೈಟ್ ಮೇಲೆ ಸ್ಟೀಲ್ ಲೋಟ ಇಡುವ ಟಣ್, ಮಾರ್ಬಲ್ ಮೇಲೆ ಕುರ್ಚಿ ಎಳೆಯುವ ಕರ್‌ರ್. ಗೋಲಗುಂಬಜ್ ನೋಡಲು ವಿಜಯಪುರಕ್ಕೆ ಯಾಕೆ ಹೋಗಬೇಕು ಅಂತ ಗೆಳೆಯರು ಕಾಲೆಳೆಯುತ್ತಿದ್ದರು.

ಡಿಸೈನರ್ ಫೋನ್ ಎತ್ತಲಿಲ್ಲ. ದಾರಿ ತೋರಿಸಿದ್ದು ನಮ್ಮ ಗೌಂಡಿ, ಗಾರೆ ಕೆಲಸದವ. "ಸಾಹುಕಾರ್ರ, ಗಾದಿ ಇಟ್ಟು ನೋಡ್ರಿ" ಅಂದ. ಶಾಮಿಯಾನದವರಿಂದ 20 ಗಾದಿ ಬಾಡಿಗೆಗೆ ತಂದು, ರಾತ್ರಿ ಹನ್ನೊಂದಕ್ಕೆ ಗೋಡೆಗೆ ಆನಿಸಿ ನಿಲ್ಲಿಸಿದೆವು. ಮೊದಲು ಚಪ್ಪಾಳೆ ತಟ್ಟಿದರೆ ಮೂರು ಎಣಿಸುವವರೆಗೂ ಸದ್ದು ಇರುತ್ತಿತ್ತು. ಈಗ ತಟ್ಟಿದೆ, ಟಪ್ ಅಂತ ಅಲ್ಲೇ ಸತ್ತಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಓದಿದೆ: 1895ರಲ್ಲಿ ಹಾರ್ವರ್ಡ್‌ನಲ್ಲಿ ವಾಲೇಸ್ ಸಬೈನ್ ಅನ್ನುವ ಮೇಷ್ಟ್ರು ಒಂದು ಉಪನ್ಯಾಸದ ಕೋಣೆ ಸರಿಮಾಡಲು ಹತ್ತಿರದ ಸಭಾಂಗಣದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹೀಗೇ ಅಳೆದಿದ್ದರಂತೆ. ನಮ್ಮ ಗೌಂಡಿ ಅವರನ್ನು ಓದಿರಲಿಲ್ಲ, ಅಷ್ಟೇ.

ಅರ್ಧ ಸೀಲಿಂಗ್ ಕಿತ್ತು ತೂತಿನ ಜಿಪ್ಸಂ ಹಾಕಿ, ಹಿಂದೆ ಗಾಜಿನ ನಾರಿನ ಹತ್ತಿ, ಅಂದರೆ ಗ್ಲಾಸ್‌ವೂಲ್ ತುಂಬಿಸಿದೆ. (ಪೇಂಟರ್ ಕೈಗೆ ಸ್ಪ್ರೇ ಕೊಡಬೇಡಿ, ತೂತೆಲ್ಲ ಮುಚ್ಚಿಬಿಡುತ್ತಾನೆ.) ಕನ್ನಡಿ ತೆಗೆದು, ಮರದ ಚೌಕಟ್ಟಿನಲ್ಲಿ ಎರಡಿಂಚು ಗ್ಲಾಸ್‌ವೂಲ್ ಇಟ್ಟು, ಮೇಲೆ ನಮ್ಮ ಕಡೆಯ ಕರಿ ಕಂಬಳಿ ಬಿಗಿದೆ. ಕಂಬಳಿ ನೋಡೋಕೆ, ಕೆಲಸ ಮಾಡೋದು ಹಿಂದಿನ ಗ್ಲಾಸ್‌ವೂಲ್. ಅಗ್ಗಕ್ಕೆ ಸಿಗುತ್ತದೆ ಅಂತ ಫೋಮ್ ಮಾತ್ರ ಅಂಟಿಸಬೇಡಿ, ಬೆಂಕಿ ಹಿಡಿದರೆ ಗತಿಯಿಲ್ಲ. ಗಾಜಿಗೆ ದಪ್ಪ ಪರದೆ, ನೆರಿಗೆ ಜಾಸ್ತಿ ಇರುವಂತೆ. ಕುರ್ಚಿ ಕಾಲಿಗೆಲ್ಲ ಫೆಲ್ಟ್, ಅಂದರೆ ದಪ್ಪ ಮೆತ್ತನೆ ಬಟ್ಟೆಯ ತುಂಡು. ಮೊದಲೇ ಮಾಡಿದ್ದರೆ ಇದರ ಅರ್ಧ ಖರ್ಚೂ ಆಗುತ್ತಿರಲಿಲ್ಲ. ಜೊತೆಗೆ ಹದಿನೆಂಟು ದಿನ ಬಾಗಿಲು ಮುಚ್ಚಿದ್ದೆ.

ಇನ್ನು ನಿಮ್ಮ ಮಾರ್ಬಲ್. ನನ್ನನ್ನು ಕೇಳಿದರೆ ಎರಡೂ ಬೇಡ. ಶಹಾಬಾದ್, ಚಿತ್ತಾಪುರದ ಫರ್ಸಿ ಕಲ್ಲು ಮನೆ ಬಾಗಿಲಲ್ಲೇ ಇರುವಾಗ ಇಟಲಿ ಯಾಕೆ? ಸದ್ದಿನ ವಿಷಯದಲ್ಲಿ ಅದೂ ಕಲ್ಲೇ, ಏನೂ ನುಂಗುವುದಿಲ್ಲ. ಆದರೆ ನಮ್ಮ 43 ಡಿಗ್ರಿ ಬಿಸಿಲಿಗೆ ಕಾಲಿಗೆ ತಂಪು. ನಿಂಬೆ, ಹುಣಸೆ ಬಿದ್ದರೆ ಮಾರ್ಬಲ್, ಫರ್ಸಿ ಎರಡಕ್ಕೂ ಕಲೆ ಆಗುತ್ತದೆ. ಪಾಲಿಶ್ ಮಾರ್ಬಲ್ ಮೇಲೆ ಎದ್ದು ಕಾಣುತ್ತದೆ, ಪಾಲಿಶ್ ಇಲ್ಲದ ಬೂದು ಫರ್ಸಿ ಮೇಲೆ ಅಷ್ಟು ಕಾಣುವುದಿಲ್ಲ. ಆಸಿಡ್ ಹಾಕಿ ತೊಳೆಯಲು ಮಾತ್ರ ಬಿಡಬೇಡಿ. ಲೈಟು 2700ರಿಂದ 3000 ಕೆಲ್ವಿನ್ ಒಳಗಿರಲಿ, ಅಂದರೆ ಹಳದಿ ಬೆಳಕು. ಬಿಳಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಣ್ಣೆಗಾಯಿ ಸಹ ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ.

ಹಳತಾಗಬಾರದು ಅನ್ನುವುದಾದರೆ ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಒಮ್ಮೆ ಹೋಗಿ ಬನ್ನಿ. 1367ರದ್ದು. ಅಲಂಕಾರ ಅಂತ ಹೆಚ್ಚೇನಿಲ್ಲ, ಕಮಾನಿನ ಹಿಂದೆ ಕಮಾನು, ಅಷ್ಟೇ. ಗೋಡೆ ತುಂಬ ಬಿದ್ರಿ ಚಿತ್ತಾರದ ವಾಲ್‌ಪೇಪರ್ ಅಂಟಿಸುವ ಆಸೆ ಇದ್ದರೆ ಬಿಡಿ. ಬೀದರ್‌ಗೆ ಹೋಗಿ ಒಂದೇ ಒಂದು ನಿಜವಾದ ಬಿದ್ರಿ ಸುರಾಯಿ ತನ್ನಿ, ಒಂದು ಗೂಡಿನಲ್ಲಿಟ್ಟು ಮೇಲೊಂದು ದೀಪ ಬಿಡಿ. ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪು, ಅದರ ಮೇಲಿನ ಬೆಳ್ಳಿ ಗೆರೆ ಸಾಕು.

ಸದ್ಯಕ್ಕೆ ಕಲ್ಲಿನ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ. ಹಾಲ್‌ನ ಉದ್ದ, ಅಗಲ, ಎತ್ತರ, ಎಷ್ಟು ಕಡೆ ಗಾಜು ಅಂತ ಕೆಳಗೆ ಬರೆಯಿರಿ. ಚಪ್ಪಾಳೆ ತಟ್ಟಿದರೆ ಎಷ್ಟು ಎಣಿಸುವವರೆಗೆ ಕೇಳಿಸುತ್ತದೆ ಅಂತಲೂ ಹೇಳಿ. ಎಷ್ಟು ಗ್ಲಾಸ್‌ವೂಲ್ ಬೇಕಾಗಬಹುದು ಅಂತ ನಮ್ಮ ಗೌಂಡಿಯನ್ನೇ ಕೇಳಿ ಹೇಳುತ್ತೇನೆ.