ಐವತ್ತಾದ ಮೇಲೆ ಗಾಲ್ಫ್ ಪ್ರೊ ಆಗಬಹುದಾ?

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪನಿಗೆ 48 ವರ್ಷ. ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷದಿಂದ ಗಾಲ್ಫ್ ಆಡುತ್ತಿದ್ದಾರೆ, ಹ್ಯಾಂಡಿಕ್ಯಾಪ್ 3. ಅಮೆರಿಕದ ಸೀನಿಯರ್ ಟೂರ್‌ನಲ್ಲಿ (ಐವತ್ತು ದಾಟಿದ ಪ್ರೊಗಳ ಪಂದ್ಯಸರಣಿ) ಬರ್ನಾರ್ಡ್ ಲ್ಯಾಂಗರ್ 67ನೇ ವಯಸ್ಸಲ್ಲಿ ಗೆದ್ದಿದ್ದು ನೋಡಿದ ಮೇಲೆ, ಐವತ್ತಕ್ಕೆ ಕೆಲಸ ಬಿಟ್ಟು ತಾನೂ ಅಲ್ಲಿಗೆ ಹೋಗ್ತೀನಿ ಅಂತ ಕೂತಿದ್ದಾರೆ. ಚಿಕ್ಕಮ್ಮನಿಗೆ ನಿದ್ದೆ ಇಲ್ಲ. ಅಲ್ಲಿ ಆಡೋರೆಲ್ಲ ವಯಸ್ಸಾದವರೇ, ಮೂರೇ ದಿನದ ಪಂದ್ಯ, ಕಾರ್ಟ್‌ನಲ್ಲಿ ಓಡಾಡಬಹುದು. ಅಷ್ಟು ಕಷ್ಟ ಇರಲಿಕ್ಕಿಲ್ಲ ಅಲ್ವಾ?

ಉತ್ತರ: ಮೊದಲು ಚಿಕ್ಕಮ್ಮನಿಗೆ ಹೇಳಿ, ಕೆಲಸ ಬಿಡುವ ಕಾಗದ ಇನ್ನೂ ಬರೆಯಬೇಡಿ ಅಂತ ನಾನೇ ಹೇಳಿದೆ ಅಂತ.

ಹ್ಯಾಂಡಿಕ್ಯಾಪ್ 3 ಅಂದ್ರೆ ಕ್ಲಬ್ಬಿನಲ್ಲಿ ದೊಡ್ಡ ಮಾತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದರ ಅರ್ಥ ಚೆನ್ನಾಗಿ ಆಡಿದ ದಿನ ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಲೆಕ್ಕ) ಮೂರು ಹೊಡೆತ ಜಾಸ್ತಿ ಅಂತ. ಸೀನಿಯರ್ ಟೂರ್‌ನಲ್ಲಿ ಮೂರು ದಿನ ಸೇರಿ ಪಾರ್‌ಗಿಂತ ಹತ್ತು ಹನ್ನೆರಡು ಹೊಡೆತ ಕಡಿಮೆ ಆಡಿದವರು ಕಪ್ ಎತ್ತುತ್ತಾರೆ. ಅಂದ್ರೆ ಚಿಕ್ಕಪ್ಪ ತಮ್ಮ ಒಳ್ಳೆಯ ಆಟವನ್ನೇ ಮೂರೂ ದಿನ ಆಡಿದರೂ ಗೆದ್ದವರಿಗಿಂತ ಇಪ್ಪತ್ತು ಹೊಡೆತ ಹಿಂದೆ ಇರುತ್ತಾರೆ.

ಮೂರು ದಿನ, ಕಾರ್ಟ್, ಎರಡೂ ನಿಜ. ಮಾಮೂಲಿ ಪಂದ್ಯ 54 ಹೋಲ್‌ನದು, ಹೆಚ್ಚಿನವುಗಳಲ್ಲಿ ಕಟ್ (ಹಿಂದುಳಿದವರನ್ನು ಅರ್ಧದಲ್ಲೇ ಹೊರಗೆ ಕಳಿಸುವುದು) ಇಲ್ಲ, ಅಂದ್ರೆ ಆಡಿ ಮುಗಿಸಿದವರಿಗೆಲ್ಲ ಒಂದಿಷ್ಟು ದುಡ್ಡು ಸಿಗುತ್ತೆ. ಇದನ್ನು ನೋಡಿಯೇ ಜನ ಇದೊಂದು ಪಿಂಚಣಿ ಯೋಜನೆ ಅಂದುಕೊಳ್ಳುತ್ತಾರೆ. ಆದರೆ ಒಳಗೆ ಹೋದವರ ಮಾತು ಅದು, ಬಾಗಿಲು ಮಾತ್ರ ತುಂಬಾ ಕಿರಿದು. ಸಾಮಾನ್ಯವಾಗಿ ಒಂದು ಪಂದ್ಯಕ್ಕೆ 78 ಜನ. ಹಿಂದಿನ ವರ್ಷದ ಅಂಕಪಟ್ಟಿಯ ಮೊದಲ 36 ಜನ, ಆಮೇಲೆ ಯೌವನದಲ್ಲಿ ದೊಡ್ಡ ಪಂದ್ಯ ಗೆದ್ದವರು, ಜೀವಮಾನದ ಗಳಿಕೆಯಲ್ಲಿ ಮುಂದಿರುವವರು, ಇವರಲ್ಲೇ ಜಾಗ ಹೆಚ್ಚುಕಮ್ಮಿ ತುಂಬಿಹೋಗುತ್ತೆ. ಉಳಿದವರಿಗೆ ವರ್ಷಕ್ಕೊಮ್ಮೆ ಅರ್ಹತಾ ಶಾಲೆ, ಅದನ್ನು ಕ್ಯೂ ಸ್ಕೂಲ್ ಅಂತಾರೆ, ಅಲ್ಲಿ ಪೂರ್ತಿ ಕಾರ್ಡ್, ಅಂದ್ರೆ ಇಡೀ ವರ್ಷ ಆಡುವ ಹಕ್ಕು, ಸಿಗುವುದು ಬೆರಳೆಣಿಕೆಯ ಜನಕ್ಕೆ. ಅದೂ ಆಗದಿದ್ದರೆ ವಾರ ವಾರ ನಡೆಯುವ ಒಂದೇ ದಿನದ ಅರ್ಹತಾ ಪಂದ್ಯ. ಸ್ವಂತ ಖರ್ಚಲ್ಲಿ ವಿಮಾನ, ಹೋಟೆಲ್, ಬ್ಯಾಗ್ ಹೊರುವ ಕ್ಯಾಡಿ. ಒಂದು ಹೊಡೆತದಲ್ಲಿ ತಪ್ಪಿದರೆ ಬ್ಯಾಗ್ ಕಟ್ಟಿ ಮುಂದಿನ ಊರು.

ಆ ಕಿಂಡಿಯಿಂದಲೂ ಒಬ್ಬರು ನುಗ್ಗಿ ಬಂದಿದ್ದಾರೆ, ಚಿಕ್ಕಪ್ಪನಿಗೆ ಅವರ ಕಥೆ ಹೇಳಿ. ನ್ಯೂಜಿಲೆಂಡಿನ ಸ್ಟೀವನ್ ಆಲ್ಕರ್. ಹೆಚ್ಚಿನ ಕಾಲ ಎರಡನೇ ದರ್ಜೆಯ ಟೂರ್‌ಗಳಲ್ಲೇ ಕಳೆದವರು, ದೊಡ್ಡ ಟೂರ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 2021ರಲ್ಲಿ ಐವತ್ತು ತುಂಬಿತು, ಆಗಸ್ಟ್‌ನಲ್ಲಿ ಬೋಯಿಂಗ್ ಕ್ಲಾಸಿಕ್‌ಗೆ ಹೀಗೇ ಅರ್ಹತಾ ಪಂದ್ಯ ಆಡಿ ಒಳಬಂದರು. ಅಲ್ಲಿ ಒಂದು ನಿಯಮ ಇದೆ, ಮೊದಲ ಹತ್ತರಲ್ಲಿ ಬಂದರೆ ಮುಂದಿನ ಪಂದ್ಯಕ್ಕೆ ನೇರ ಪ್ರವೇಶ. ಆಲ್ಕರ್ ಹತ್ತರೊಳಗೆ ಬಂದರು, ಮತ್ತೆ ಬಂದರು, ಹಾಗೇ ಒಂದೊಂದೇ ಮೆಟ್ಟಿಲು ಹಿಡಿದು ನವೆಂಬರ್ ಹೊತ್ತಿಗೆ ಒಂದು ಪಂದ್ಯ ಗೆದ್ದೇಬಿಟ್ಟರು. 2022ರಲ್ಲಿ ಇಡೀ ವರ್ಷದ ಚಾಂಪಿಯನ್. ಆದರೆ ಒಂದು ಮಾತು: ಮಿಂಚದೇ ಇದ್ದ ಆ ವರ್ಷಗಳಲ್ಲೂ ಅವರು ಪ್ರೊ ಆಗಿಯೇ ಇದ್ದರು, ಹೊಟ್ಟೆಪಾಡಿಗೆ ದಿನಾ ಅದನ್ನೇ ಆಡುತ್ತಿದ್ದರು. ಭಾನುವಾರ ಬೆಳಿಗ್ಗೆ ಆಡಿ ಮಧ್ಯಾಹ್ನ ಕ್ಲಬ್ಬಿನಲ್ಲಿ ಬಿರಿಯಾನಿ ತಿನ್ನುವ ನಮ್ಮಂಥವರಲ್ಲ.

ಇನ್ನು ಲ್ಯಾಂಗರ್. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಯಾಕಂದ್ರೆ ಅವರನ್ನು ನೋಡಿ ಸುಲಭ ಅಂದುಕೊಳ್ಳುವುದೇ ದೊಡ್ಡ ತಪ್ಪು. ಜರ್ಮನಿಯ ಬವೇರಿಯಾದ ಸಣ್ಣ ಊರಿನ ಹುಡುಗ, ಚಿಕ್ಕಂದಿನಲ್ಲೇ ಕ್ಯಾಡಿ ಕೆಲಸಕ್ಕೆ ಸೇರಿ, 1972ರಲ್ಲಿ ಹದಿನೈದಕ್ಕೆ ಪ್ರೊ ಆದವರು. 1985 ಮತ್ತು 1993ರಲ್ಲಿ ಗಾಲ್ಫಿನ ನಾಲ್ಕು ದೊಡ್ಡ ಪಂದ್ಯಗಳಲ್ಲಿ ಒಂದಾದ ಮಾಸ್ಟರ್ಸ್ ಗೆದ್ದರು. 1981ರಲ್ಲಿ ಇಂಗ್ಲೆಂಡಿನ ಫುಲ್‌ಫೋರ್ಡ್‌ನಲ್ಲಿ ಚೆಂಡು ಮರದ ಕೊಂಬೆಯಲ್ಲಿ ಸಿಕ್ಕಿಕೊಂಡಾಗ ಮರ ಹತ್ತಿ ಅಲ್ಲಿಂದಲೇ ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹೊಡೆದ ಆಸಾಮಿ ಇವರೇ.

ಅವರ ಅಸಲಿ ಕಥೆ ಇರುವುದು ಪಟಿಂಗ್‌ನಲ್ಲಿ, ಅಂದ್ರೆ ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ತಳ್ಳುವುದರಲ್ಲಿ. ಯಿಪ್ಸ್ ಅಂತ ಒಂದು ಕಾಟ ಇದೆ, ಎರಡು ಮೂರು ಅಡಿ ದೂರದ ಚೆಂಡನ್ನು ತಳ್ಳುವಾಗ ಕೈ ತಾನಾಗೇ ಜರ್ಕ್ ಹೊಡೆಯುತ್ತೆ, ಎಷ್ಟೋ ಆಟಗಾರರು ಇದರಿಂದಲೇ ಆಟ ಬಿಟ್ಟಿದ್ದಾರೆ. ಲ್ಯಾಂಗರ್‌ಗೆ ಅದು ಒಂದಲ್ಲ, ಹಲವು ಸಲ ಬಂತು. ಕೈ ಹಿಡಿತ ಅದಲು ಬದಲು ಮಾಡಿದರು. ಅದು ಕೈಕೊಟ್ಟಾಗ ಬಲಗೈಯಿಂದ ಎಡ ಮುಂಗೈಯನ್ನೇ ಪಟರ್‌ಗೆ (ಪಟ್ ಮಾಡುವ ಕೋಲು) ಒತ್ತಿ ಹಿಡಿದರು, ನೋಡಿದವರಿಗೆ ನಗು ಬರುವ ಹಾಗೆ. ಆಮೇಲೆ ಎದೆಯವರೆಗೆ ಬರುವಷ್ಟು ಉದ್ದದ ಪಟರ್. 2016ರಲ್ಲಿ ಪಟರ್ ತುದಿಯನ್ನು ಎದೆಗೆ ಊರಿ ಆಡುವುದು ನಿಷೇಧ ಆಯಿತು, ಇನ್ನು ಇವರ ಕಥೆ ಮುಗಿಯಿತು ಅಂದರು. ಕೈಯನ್ನು ಎದೆಯಿಂದ ಸ್ವಲ್ಪ ದೂರ ಹಿಡಿದು ಅದೇ ಉದ್ದದ ಪಟರ್‌ನಲ್ಲೇ ಗೆಲ್ಲುತ್ತಾ ಹೋದರು.

1991ರಲ್ಲಿ ಯುರೋಪ್ ಮತ್ತು ಅಮೆರಿಕ ತಂಡಗಳ ನಡುವಿನ ರೈಡರ್ ಕಪ್‌ನಲ್ಲಿ ಯುರೋಪಿನ ಆಸೆಯೆಲ್ಲ ಇವರ ಆರು ಅಡಿಯ ಒಂದು ಪಟ್ ಮೇಲೆ ನಿಂತಿತ್ತು, ತಪ್ಪಿತು. ಇನ್ನೊಬ್ಬರಾಗಿದ್ದರೆ ತಿಂಗಳುಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಇವರು ಮುಂದಿನ ವಾರವೇ ಜರ್ಮನ್ ಮಾಸ್ಟರ್ಸ್ ಗೆದ್ದರು!

2007ರಲ್ಲಿ ಸೀನಿಯರ್ ಟೂರ್‌ಗೆ ಬಂದ ಮೇಲೆ 2024ರವರೆಗೆ ಒಂದು ವರ್ಷವೂ ಬರಿಗೈಲಿ ಹೋಗಿಲ್ಲ. ಹೇಲ್ ಇರ್ವಿನ್ ಅವರ 45 ಗೆಲುವಿನ ದಾಖಲೆ ಮುರಿದಿದ್ದು 2023ರ ಜುಲೈನಲ್ಲಿ, ಯುಎಸ್ ಸೀನಿಯರ್ ಓಪನ್‌ನಲ್ಲಿ. ಅದು ನಡೆದಿದ್ದು ವಿಸ್ಕಾನ್ಸಿನ್‌ನಲ್ಲಿ, ಜನರೆಲ್ಲ ತಮ್ಮ ಊರಿನ ಸ್ಟೀವ್ ಸ್ಟ್ರಿಕರ್ ಪರ, ಆದರೂ 65ರ ಲ್ಯಾಂಗರ್ ಎರಡು ಹೊಡೆತದಿಂದ ಗೆದ್ದರು. 2024ರ ಫೆಬ್ರವರಿಯಲ್ಲಿ ಪಿಕಲ್‌ಬಾಲ್ ಆಡುವಾಗ ಹಿಮ್ಮಡಿ ಮೇಲಿನ ಅಕಿಲೀಸ್ ಟೆಂಡನ್ ಹರಿಯಿತು, ಆಪರೇಷನ್ ಆಯಿತು. ಮೂರು ತಿಂಗಳಲ್ಲಿ ವಾಪಸ್. ಆ ನವೆಂಬರ್‌ನಲ್ಲಿ ಕೊನೆಯ ಹೋಲ್‌ನಲ್ಲಿ ಸುಮಾರು ಮೂವತ್ತು ಅಡಿಯ ಪಟ್ ಹಾಕಿ 47ನೇ ಗೆಲುವು. ನಿಮ್ಮ ಚಿಕ್ಕಪ್ಪ ನೋಡಿದ್ದು ಅದನ್ನೇ. ಒಂದು ಹೊಡೆತದಿಂದ ಸೋತ ಇಬ್ಬರಲ್ಲಿ ಒಬ್ಬರು ಯಾರು ಗೊತ್ತಾ? ಮೇಲೆ ಹೇಳಿದೆನಲ್ಲ, ಅದೇ ಆಲ್ಕರ್.

ಐವತ್ತರ ಮೇಲೆ ಡ್ರೈವ್‌ನ, ಅಂದ್ರೆ ಮೊದಲ ಉದ್ದ ಹೊಡೆತದ, ದೂರ ಕಡಿಮೆ ಆಗೇ ಆಗುತ್ತೆ. ಉಳಿಯುವುದು ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಬಿಡದ ನೇರ ಹೊಡೆತ, ನೂರು ಗಜದ ಒಳಗಿನ ಆಟ, ಪಟ್. ಇವನ್ನು ಯಾರು ಮೂವತ್ತು ವರ್ಷ ತಿದ್ದಿ ತೀಡಿದ್ದಾರೋ ಅವರಿಗೇ ಅಲ್ಲಿ ದುಡ್ಡು.

ನಮ್ಮವರು? ಜೀವ್ ಮಿಲ್ಖಾ ಸಿಂಗ್, ಜ್ಯೋತಿ ರಾಂಧವಾ ಇಬ್ಬರೂ ಯುರೋಪಿನ ಸೀನಿಯರ್ ಟೂರ್ ಆದ ಲೆಜೆಂಡ್ಸ್ ಟೂರ್‌ನಲ್ಲಿ ಆಡಿದ್ದಾರೆ. ಜೀವ್ ಯುರೋಪಿಯನ್ ಟೂರ್‌ನಲ್ಲಿ ನಾಲ್ಕು ಗೆದ್ದವರು, ರಾಂಧವಾ 2002ರಲ್ಲಿ ಏಷ್ಯನ್ ಟೂರ್‌ನ ಪಟ್ಟಿಯಲ್ಲಿ ಮೊದಲಿಗರು. ಕ್ಯಾಡಿಯಾಗಿದ್ದು ಮೇಲೆ ಬಂದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ಕಣ್ಣು ಒದ್ದೆಯಾದವರಲ್ಲಿ ನಾನೂ ಒಬ್ಬ. ಐವತ್ತು ದಾಟಿದ ಮೇಲೆ ಚಿಕ್ಕಪ್ಪ ಎದುರಿಸಬೇಕಾದ್ದು ಇಂಥವರನ್ನು.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಪ್ರೊ ಆಗಿ ಒಂದು ಪಂದ್ಯ ಆಡಿದರೂ ಸಾಕು, ಹವ್ಯಾಸಿ ಪಟ್ಟ ಹೋಗುತ್ತೆ. ಹವ್ಯಾಸಿಗಳ ಟೂರ್ನಿಗಳಲ್ಲಿ ಆಮೇಲೆ ಸ್ಪರ್ಧಿಸುವ ಹಾಗಿಲ್ಲ, ಹಿರಿಯ ಹವ್ಯಾಸಿಗಳಿಗೆಂದೇ ನಡೆಯುವ ಪಂದ್ಯಗಳೂ ಕೈತಪ್ಪುತ್ತವೆ. ಪಟ್ಟ ವಾಪಸ್ ಬೇಕಂದ್ರೆ ಅರ್ಜಿ ಹಾಕಿ ಕಾಯಬೇಕು.

ಹಾಗಾಗಿ ಸದ್ಯಕ್ಕೆ ಒಂದು ಕೆಲಸ ಮಾಡಲಿ. ಮೂರು ದಿನ ಸತತವಾಗಿ, ಎಲ್ಲಕ್ಕಿಂತ ಹಿಂದಿನ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ), ಪರಿಚಯವಿಲ್ಲದ ಕೋರ್ಸ್‌ನಲ್ಲಿ ಆಡಲಿ. ಗಿಮ್ಮಿ ಬೇಡ, ಒಂದು ಅಡಿ ಪಟ್ ಆದರೂ ಕುಳಿಗೆ ಬೀಳಿಸಲೇಬೇಕು. ಸ್ಕೋರ್ ಬರೆಯುವವರು ಅವರ ಗೆಳೆಯರಾಗಿರಬಾರದು, ಚಿಕ್ಕಮ್ಮನೇ ಬರೆದರೆ ಇನ್ನೂ ಒಳ್ಳೆಯದು. ಆ ಮೂರು ಕಾರ್ಡ್ ನನಗೆ ಕಳಿಸಿ, ಮುಂದಿನ ಮಾತು ಆಮೇಲೆ ಆಡೋಣ.